ಏನು ಕೊಟ್ಟರೂ ಪುಡಿ ಮಾಡುವ ನಾಯಿಗೆ ಯಾವ ಆಟಿಕೆ ಕೊಡಬೇಕು?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಶಿವಮೊಗ್ಗ. ಮನೆಯಲ್ಲಿ 16 ತಿಂಗಳ ಗಂಡು ಲ್ಯಾಬ್ರಡಾರ್ ಇದೆ. ಹೆಸರು ಬ್ರೂನೋ, ತೂಕ 34 ಕೆಜಿ. ಇವನ ಬಾಯಿಗೆ ಸಿಕ್ಕಿದ್ದು ಯಾವುದೂ ಉಳಿಯುವುದಿಲ್ಲ. ಒತ್ತಿದರೆ ಕೀಂಕೀಂ ಅನ್ನುವ ಬಾತುಕೋಳಿ ಹತ್ತು ನಿಮಿಷ, ಹಗ್ಗದ ಆಟಿಕೆ ಒಂದು ಸಂಜೆ, ಟೆನಿಸ್ ಚೆಂಡು ಎರಡು ಹೋಳು. ಸೋಫಾದ ಮೂಲೆ, ಚಪ್ಪಲಿ, ಚಾರ್ಜರ್ ವೈರ್ ಎಲ್ಲ ಆಯಿತು. ಈಗ ಹಿತ್ತಲ ಗೋಡೆಯ ಸುಣ್ಣ ನೆಕ್ಕುತ್ತಾನೆ, ಕೆರೆದು ತಿನ್ನುತ್ತಾನೆ. ಮುರಿಯುವುದೇ ಇಲ್ಲ ಅಂತ ಬರೆದಿದ್ದ ನೈಲಾನ್ ಮೂಳೆ ತರಿಸಿದೆವು. ಅದು ಉಳಿದಿದೆ, ಆದರೆ ಅದರ ಮೇಲೆ ರಕ್ತದ ಕಲೆ ಕಂಡಿತು. ಅಂಗಡಿಯವರು ಕ್ಯಾಲ್ಸಿಯಂ ಕಮ್ಮಿ ಇರಬೇಕು ಅಂತ ಸಿರಪ್ ಕೊಟ್ಟಿದ್ದಾರೆ. ಅತ್ತೆ ತೆಂಗಿನ ಕರಟ ಹಾಕುತ್ತಾರೆ. ಗೆಳೆಯರೊಬ್ಬರು ಜಿಂಕೆ ಕೊಂಬು ಕೊಡಿ, ವರ್ಷಗಟ್ಟಲೆ ಬರುತ್ತೆ ಅಂತಾರೆ. ನಾವಿಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆ. ಅತ್ತೆ ಮನೆಯಲ್ಲಿರುತ್ತಾರೆ, ಆದರೆ ಇವನನ್ನು ಹಿಡಿಯುವುದು ಅವರಿಂದ ಆಗುವುದಿಲ್ಲ. ಇವನಿಗೆ ನಿಜವಾಗಲೂ ಬಾಳಿಕೆ ಬರುವ ಆಟಿಕೆ ಯಾವುದು?

ಉತ್ತರ: ಆಟಿಕೆ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಇವತ್ತೇ ಬ್ರೂನೋ ಬಾಯಿ ನೋಡಿ. ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಆದ ಮಾತು ಸೋಫಾದ್ದಲ್ಲ, ನೈಲಾನ್ ಮೂಳೆ ಮೇಲಿನ ರಕ್ತದ ಕಲೆಯದ್ದು.

ಅವನು ಸಮಾಧಾನವಾಗಿ ಮಲಗಿದ್ದಾಗ ಪಕ್ಕದಿಂದ ಮೇಲಿನ ತುಟಿಯನ್ನು ಮೆಲ್ಲಗೆ ಎತ್ತಿ. ಬಾಯಿ ತೆರೆಸುವುದು ಬೇಡ. ಕಣ್ಣಿನ ನೇರಕ್ಕೆ ಕೆಳಗೆ, ಮೇಲಿನ ದವಡೆಯಲ್ಲಿ ಎಲ್ಲಕ್ಕಿಂತ ದೊಡ್ಡದಾದ ಒಂದು ಹಲ್ಲು ಕಾಣುತ್ತದೆ. ನಾಯಿ ಗಟ್ಟಿ ವಸ್ತುವನ್ನು ಕಡಿಯುವುದು ಇದರಲ್ಲೇ. ಇದೂ, ಕೆಳಗಿನ ದವಡೆಯ ದೊಡ್ಡ ಹಲ್ಲೂ ಒಂದರ ಪಕ್ಕ ಒಂದು ಜಾರಿ ಅಡಿಕೆ ಕತ್ತರಿಯ ಹಾಗೆ ಕೆಲಸ ಮಾಡುತ್ತವೆ. ಮಧ್ಯೆ ಸಿಕ್ಕಿದ್ದು ಸ್ವಲ್ಪವೂ ಬಗ್ಗದೆ ಇದ್ದರೆ ಹಲ್ಲಿನ ಹೊರಮೈ ಚಕ್ಕೆಯಾಗಿ ಸೀಳುತ್ತದೆ. ಎಡಕ್ಕೂ ಬಲಕ್ಕೂ ಹೋಲಿಸಿ ನೋಡಿ. ಒಂದು ಕಡೆ ಹಲ್ಲು ಚಪ್ಪಟೆಯಾಗಿ ಕಂಡರೆ, ನಡುವೆ ಗುಲಾಬಿ ಅಥವಾ ಕಪ್ಪು ಚುಕ್ಕೆ ಇದ್ದರೆ, ಒಳಗಿನ ನರ ಬಯಲಾಗಿದೆ ಅಂತ ಅರ್ಥ. ಇದು ಮನೆಯಲ್ಲಿ ವಾಸಿಯಾಗುವುದಲ್ಲ. ಮೂರು ಬೇರಿನ ಹಲ್ಲು ಅದು. ರೂಟ್ ಕೆನಾಲ್ ಮಾಡಬೇಕು, ಇಲ್ಲ ಅರಿವಳಿಕೆ ಕೊಟ್ಟು ಕೀಳಬೇಕು. ಹಾಗೇ ಬಿಟ್ಟರೆ ಬೇರಿನಲ್ಲಿ ಕೀವು ತುಂಬಿ ಕಣ್ಣಿನ ಕೆಳಗೆ ಊತ ಬರುತ್ತದೆ. ಎಷ್ಟೋ ಜನ ಅದನ್ನು ಕಣ್ಣಿನ ತೊಂದರೆ ಅಂತ ತಿಳಿದು ನಮ್ಮ ಹತ್ತಿರ ಕರೆದುಕೊಂಡು ಬರುತ್ತಾರೆ. "ಊಟ ಚೆನ್ನಾಗೇ ಮಾಡ್ತಾನೆ ಡಾಕ್ಟ್ರೇ, ಹಲ್ಲು ನೋವಿದ್ರೆ ಬಿಡ್ತಿರಲಿಲ್ವಾ" ಅಂತಾರೆ. ಬಿಡುವುದಿಲ್ಲ. ಹಲ್ಲು ಸೀಳಿದ ನಾಯಿಯೂ ಊಟ ಮಾಡುತ್ತದೆ, ಇನ್ನೊಂದು ಕಡೆಯಿಂದ ಅಗಿಯುತ್ತದೆ. ಲ್ಯಾಬ್ರಡಾರ್ ಅಂತೂ ಊಟ ಬಿಡುವುದು ತೀರಾ ಕೊನೆಗೆ.

ಬರೀ ವಸಡು ತರಚಿದ್ದರೆ ಗಾಬರಿ ಬೇಡ, ಒಂದೆರಡು ದಿನದಲ್ಲಿ ಮಾಯುತ್ತದೆ. ಆದರೆ ಆ ನೈಲಾನ್ ಮೂಳೆಯನ್ನು ಇವತ್ತೇ ತೆಗೆದಿಡಿ.

ಈಗ ನಿಮ್ಮ ಪ್ರಶ್ನೆ. ನೀವು ಹುಡುಕುತ್ತಿರುವುದು ಮುರಿಯದ ಆಟಿಕೆ. ಅಂಗಡಿಗಳು ಮಾರುವುದೂ ಅದೇ ಮಾತನ್ನು. ಆದರೆ 34 ಕೆಜಿ ನಾಯಿಯ ದವಡೆಗೂ ಮಣಿಯದಷ್ಟು ಗಟ್ಟಿ ಇರುವ ವಸ್ತು ಸಿಕ್ಕಿದರೆ, ಮುರಿಯುವ ಸರದಿ ಹಲ್ಲಿನದು. ಆಟಿಕೆ ಹೋದರೆ ಇನ್ನೊಂದು ತರಬಹುದು. ಅವನಿಗೆ ಇರುವುದು 42 ಹಲ್ಲು, ಮತ್ತೆ ಹುಟ್ಟುವುದಿಲ್ಲ. ಹಾಗಾಗಿ ಎಷ್ಟು ದಿನ ಬರುತ್ತೆ ಅನ್ನುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಇದು ಹೋಗುವಾಗ ಹೇಗೆ ಹೋಗುತ್ತದೆ? ಚೂಪು ಚೂಪಾಗಿ ಒಡೆಯುತ್ತಾ, ನಾರುನಾರಾಗಿ ಬಿಚ್ಚುತ್ತಾ, ದೊಡ್ಡ ತುಂಡಾಗಿ ಗಂಟಲಿಗೆ ಇಳಿಯುತ್ತಾ, ಇಲ್ಲ ಸಣ್ಣ ಗುರುತು ಬಿದ್ದು ನಿಮಗೆ ಮೊದಲೇ ಎಚ್ಚರ ಕೊಡುತ್ತಾ?

ಅವನು ಯಾಕೆ ಹೀಗೆ ಮಾಡುತ್ತಾನೆ ಅನ್ನುವುದನ್ನೂ ನೋಡಬೇಕು. ಇಲ್ಲದಿದ್ದರೆ ಎಷ್ಟು ಆಟಿಕೆ ತಂದರೂ ಅಷ್ಟೇ.

ಕ್ಯಾಲ್ಸಿಯಂ ವಿಷಯದಿಂದ ಶುರು ಮಾಡುತ್ತೇನೆ, ಯಾಕೆಂದರೆ ನಮ್ಮ ಕಡೆ ಇದು ಬಹಳ ಹಬ್ಬಿದೆ. ನಾಯಿ ಕಚ್ಚಿದರೆ ಕ್ಯಾಲ್ಸಿಯಂ, ಮಣ್ಣು ತಿಂದರೆ ಕ್ಯಾಲ್ಸಿಯಂ, ಕಾಲು ಸೊಟ್ಟ ಕಂಡರೂ ಕ್ಯಾಲ್ಸಿಯಂ. ಒಳ್ಳೆಯ ಕಂಪನಿಯ ಡಾಗ್ ಫುಡ್ ತಿನ್ನುವ ನಾಯಿಗೆ ಬೇಕಾದಷ್ಟು ಕ್ಯಾಲ್ಸಿಯಂ ಅದರಲ್ಲೇ ಇರುತ್ತದೆ. ದೊಡ್ಡ ತಳಿಯ ಬೆಳೆಯುವ ಮರಿಗಳಿಗೆ ಜಾಸ್ತಿ ಕ್ಯಾಲ್ಸಿಯಂ ಕೊಟ್ಟರೆ ಮೂಳೆ, ಕೀಲು ಸರಿಯಾಗಿ ಬೆಳೆಯದೆ ತೊಂದರೆ ಆಗುತ್ತದೆ. ಬರೀ ಅನ್ನ, ಚಿಕನ್, ಮೊಸರು ಅಂತ ಮನೆ ಊಟವೇ ಹಾಕುತ್ತಿದ್ದರೆ ಕೊರತೆ ಇರಬಹುದು, ಅದು ನಿಜ. ಆದರೆ ಅದನ್ನು ಸರಿ ಮಾಡುವುದು ಅವನ ಇಡೀ ಊಟದ ಲೆಕ್ಕ ನೋಡಿ, ಕೈಗೆ ಸಿಕ್ಕ ಸಿರಪ್‌ನಿಂದ ಅಲ್ಲ. ಯಾವ ಊಟಕ್ಕೂ ಸೋಫಾ ಕಡಿಯುವುದಕ್ಕೂ ನೇರ ಸಂಬಂಧವಿಲ್ಲ.

ಗೋಡೆ ಸುಣ್ಣದ ಮಾತು ಮಾತ್ರ ಬೇರೆ. ಕಚ್ಚಿ ಹಾಕುವುದು ಒಂದು, ಆಹಾರವಲ್ಲದ್ದನ್ನು ಹುಡುಕಿ ಹುಡುಕಿ ನುಂಗುವುದು ಇನ್ನೊಂದು. ಜಂತುಹುಳ, ಹೊಟ್ಟೆ ಮತ್ತು ಕರುಳಿನ ತೊಂದರೆ, ರಕ್ತಹೀನತೆ ಇವೆಲ್ಲದರಲ್ಲೂ ನಾಯಿಗಳು ಮಣ್ಣು, ಗಾರೆ ತಿನ್ನುವುದುಂಟು. ಮಲೆನಾಡಿನಲ್ಲಿ ಉಣ್ಣಿ ಕಾಟ ನಿಮಗೆ ಗೊತ್ತೇ ಇದೆ. ಉಣ್ಣಿಯಿಂದ ಬರುವ ಜ್ವರದಲ್ಲಿ ರಕ್ತ ಇಳಿಯುತ್ತದೆ, ಮೇಲ್ನೋಟಕ್ಕೆ ನಾಯಿ ಚುರುಕಾಗೇ ಇರಬಹುದು. ವಸಡಿನ ಬಣ್ಣ ನೋಡಿ. ಬಿಳಿಚಿದ್ದರೆ ತಡ ಮಾಡಬೇಡಿ. ಗುಲಾಬಿ ಇದ್ದರೂ ಒಮ್ಮೆ ರಕ್ತ, ಮಲ ಎರಡನ್ನೂ ಪರೀಕ್ಷೆ ಮಾಡಿಸಿ. ಗೋಡೆಗೆ ಹಳೇ ಪೇಂಟ್ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಹಳೇ ಬಣ್ಣಗಳಲ್ಲಿ ಸೀಸ ಇರಬಹುದು.

ಇನ್ನು ಕಚ್ಚುವುದು. ಮರಿಯ ಹಾಲುಹಲ್ಲು 28. ಮೂರೂವರೆ ನಾಲ್ಕು ತಿಂಗಳಿಗೆ ಅವು ಬೀಳಲು ಶುರುವಾಗಿ ಆರೇಳು ತಿಂಗಳ ಹೊತ್ತಿಗೆ ಹೊಸ ಹಲ್ಲು ಪೂರ್ತಿ ಬಂದಿರುತ್ತವೆ. ಆಮೇಲೆ ಕಚ್ಚುವುದು ನಿಲ್ಲುತ್ತದೆ ಅಂತ ಜನ ಕಾಯುತ್ತಾರೆ. ನಿಲ್ಲುವುದಿಲ್ಲ. ದೊಡ್ಡ ತಳಿಗಳಲ್ಲಿ ಒಂದೂವರೆ, ಎರಡು ವರ್ಷದವರೆಗೂ ಹದಿಹರೆಯವೇ, ಮೈತುಂಬ ಶಕ್ತಿ, ಬಾಯಿತುಂಬ ಹೊಸ ಹಲ್ಲು. ಜೊತೆಗೆ ಲ್ಯಾಬ್ರಡಾರ್ ತಳಿಯ ಕಸುಬೇ ಬಾಯಿಯದ್ದು. ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಮೀನುಗಾರರ ಜೊತೆ ಕೆಲಸ ಮಾಡುತ್ತಿದ್ದ ನಾಯಿಗಳ ವಂಶ ಇದು. 19ನೇ ಶತಮಾನದಲ್ಲಿ ಬ್ರಿಟನ್ನಿನಲ್ಲಿ, ಬೇಟೆಗಾರ ಹೊಡೆದ ಹಕ್ಕಿಯನ್ನು ಬಾಯಲ್ಲಿ ಎತ್ತಿ ತರುವುದಕ್ಕೆ ಅಂತಲೇ ಬೆಳೆಸಿದ್ದು. ಬಾಯಲ್ಲಿ ಏನಾದರೂ ಇದ್ದರೆ ಅವನಿಗೆ ನೆಮ್ಮದಿ. ನೀವು ಕೆಲಸಕ್ಕೆ ಹೋದ ಸಿಟ್ಟಿಗೆ ಚಪ್ಪಲಿ ಕಡಿದ, ಬೇಕಂತಲೇ ಮಾಡಿದ ಅಂತ ಅಂದುಕೊಳ್ಳಬೇಡಿ. ಚಪ್ಪಲಿಯಲ್ಲಿ ನಿಮ್ಮ ವಾಸನೆ ಇದೆ, ಮೆತ್ತಗಿದೆ, ನೆಲದಲ್ಲಿದೆ. ಅಷ್ಟೇ ಕಾರಣ. ಸಂಜೆ ಬಂದು ಬೈದರೆ ತಲೆ ತಗ್ಗಿಸುತ್ತಾನಲ್ಲ, ಅದು ನಿಮ್ಮ ದನಿಗೆ ಹೆದರಿ. ಬೆಳಿಗ್ಗೆ ಮಾಡಿದ್ದಕ್ಕೂ ಸಂಜೆಯ ಬೈಗುಳಕ್ಕೂ ಅವನು ಗಂಟು ಹಾಕಲಾರ.

ಒಂದು ಮಾತು ಅತ್ತೆಯವರನ್ನು ಕೇಳಿ ತಿಳಿದುಕೊಳ್ಳಿ. ನೀವು ಗೇಟು ದಾಟಿದ ಅರ್ಧ ಗಂಟೆಯೊಳಗೆ ಬಾಗಿಲು, ಕಿಟಕಿ ಹತ್ತಿರ ಹೋಗಿ ಕೆರೆಯುತ್ತಾನಾ, ಜೊಲ್ಲು ಸುರಿಸುತ್ತಾನಾ, ಒಂದೇ ಸಮ ಊಳಿಡುತ್ತಾನಾ? ಹಾಗಿದ್ದರೆ ಅದು ನಿಮ್ಮನ್ನು ಬಿಟ್ಟಿರಲಾರದ ಭಯ, ಅದಕ್ಕೆ ಆಟಿಕೆ ಮದ್ದಲ್ಲ. ಅದರ ಚಿಕಿತ್ಸೆಯೇ ಬೇರೆ, ಕೆಲವೊಮ್ಮೆ ಔಷಧಿಯೂ ಬೇಕಾಗುತ್ತದೆ. ಹಾಗಲ್ಲದೆ ಸುಮ್ನೆ ಮಲಗಿದ್ದು, ಹನ್ನೊಂದು ಗಂಟೆಗೆ ಎದ್ದು, ಆಚೆ ಈಚೆ ತಿರುಗಿ ಸೋಫಾಗೆ ಬಾಯಿ ಹಾಕಿದರೆ ಅದು ಬೇಸರ. ಮನೆಯಲ್ಲಿ ಅತ್ತೆ ಇರುವುದರಿಂದ, ಪತ್ರ ಓದಿದರೆ ನನಗೆ ಎರಡನೆಯದ್ದೇ ಅನ್ನಿಸುತ್ತದೆ.

ಹಾಗಾದರೆ ಏನು ಕೊಡಬೇಕು?

ಒಂದು ಸಂಜೆ ಎದುರಿಗೆ ಕೂತು ಅವನು ಆಟಿಕೆ ಹೇಗೆ ಮುಗಿಸುತ್ತಾನೆ ಅಂತ ನೋಡಿ. ಸೋಫಾ ಮೇಲೆ ಕೂತು ನೋಡಿದರೆ ಕಾಣುವುದಿಲ್ಲ, ನೆಲದ ಮೇಲೆ ಕೂರಿ. ಎರಡು ಮುಂಗಾಲಿನ ಮಧ್ಯೆ ಆಟಿಕೆಯನ್ನು ನೆಟ್ಟಗೆ ನಿಲ್ಲಿಸಿಕೊಳ್ಳುತ್ತಾನೆ. ಮೊದಲು ಮುಂದಿನ ಸಣ್ಣ ಹಲ್ಲಿನಿಂದ ಸುತ್ತ ಮೆಲ್ಲಗೆ ಕಚ್ಚಿ ನೋಡುತ್ತಾನೆ. ಹುಡುಕುತ್ತಿರುವುದು ಒಂದು ಅಂಚು. ಹೊಲಿಗೆ, ಲೇಬಲ್, ಬಾತುಕೋಳಿಯ ಕೊಕ್ಕು, ಮೂಳೆ ಆಕಾರದ ಆಟಿಕೆಯ ತುದಿಯ ಗುಬ್ಬಿ, ಏನಾದರೂ. ಅಂಚು ಸಿಕ್ಕ ಕೂಡಲೇ ತಲೆ ಓರೆ ಮಾಡಿ ಅದನ್ನು ಪಕ್ಕದ ದವಡೆ ಹಲ್ಲಿಗೆ ತಳ್ಳುತ್ತಾನೆ, ಕಣ್ಣು ಅರ್ಧ ಮುಚ್ಚುತ್ತಾನೆ, ಅಲ್ಲಿಂದ ಆಟಿಕೆ ಕತೆ ಮುಗಿದ ಹಾಗೆ. ಅಂದರೆ ಆಟಿಕೆಯ ಆಯಸ್ಸು ಬರೀ ವಸ್ತುವಿನಲ್ಲಿಲ್ಲ, ಆಕಾರದಲ್ಲೂ ಇದೆ. ಅಂಚಿಲ್ಲದ, ಹಲ್ಲಿಗೆ ಹಿಡಿ ಸಿಗದ, ಅವನ ದವಡೆಗಿಂತ ದೊಡ್ಡದಾದ ಉರುಟು ಆಕಾರ ನೋಡಿ. ಕೈಕಾಲು, ಕಿವಿ, ಬಾಲ ಇರುವ ಗೊಂಬೆ ಬೇಡ.

ವಸ್ತು ಯಾವುದು ಅಂದರೆ ದಪ್ಪ ರಬ್ಬರ್. ಪ್ಲಾಸ್ಟಿಕ್ ಅಲ್ಲ, ನೈಲಾನ್ ಅಲ್ಲ. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಹೆಬ್ಬೆರಳ ಉಗುರನ್ನು ಬಲವಾಗಿ ಒತ್ತಿ. ಒಂಚೂರಾದರೂ ತಗ್ಗು ಬಿದ್ದು ಮತ್ತೆ ಮೇಲೆದ್ದರೆ ಸರಿ. ಉಗುರಿಗೆ ನೋವಾಯಿತು, ವಸ್ತುವಿಗೆ ಏನೂ ಆಗಲಿಲ್ಲ ಅಂದರೆ ವಾಪಸ್ ಇಡಿ. ಇನ್ನೊಂದು, ಅದನ್ನು ನಿಮ್ಮ ಮಂಡಿ ಚಿಪ್ಪಿಗೆ ಕುಟ್ಟಿಕೊಳ್ಳಲು ಹೆದರಿಕೆ ಆಗುತ್ತಾ? ಹಾಗಿದ್ದರೆ ಅದು ಹಲ್ಲಿಗೂ ಬೇಡ. ಹಲ್ಲಿನ ಡಾಕ್ಟರುಗಳು ಸಾಕಿದವರಿಗೆ ಹೇಳುವ ಪರೀಕ್ಷೆಗಳೇ ಇವು. ನಿಮ್ಮ ನೈಲಾನ್ ಮೂಳೆ ಎರಡರಲ್ಲೂ ಫೇಲ್ ಆಗುತ್ತದೆ.

ಬ್ರ್ಯಾಂಡ್ ಹೆಸರು ಕೇಳುತ್ತೀರಿ ಅಂತ ಗೊತ್ತು. ನಾನು ಸಾಮಾನ್ಯವಾಗಿ ಹೇಳುವುದು ಕಾಂಗ್. ಅಮೆರಿಕದಲ್ಲಿ 1970ರ ದಶಕದಲ್ಲಿ ಶುರುವಾದದ್ದು, ಒಂದರ ಮೇಲೊಂದು ಮೂರು ಗುಂಡು ಇಟ್ಟ ಹಾಗಿರುವ ಟೊಳ್ಳು ರಬ್ಬರ್ ಆಟಿಕೆ. ಅದರಲ್ಲಿ ಕೆಂಪು ಬಣ್ಣದ್ದು ಸಾಮಾನ್ಯ ನಾಯಿಗೆ, ಕಪ್ಪು ಬಣ್ಣದ್ದು ಜೋರಾಗಿ ಕಚ್ಚುವ ನಾಯಿಗೆ. ಬ್ರೂನೋಗೆ ಕಪ್ಪು, ಅದೂ ತೂಕ ನೋಡಿ ಒಂದು ಸೈಜ್ ದೊಡ್ಡದೇ ಇರಲಿ. ಗಫ್‌ನಟ್ಸ್ (Goughnuts) ಅಂತ ಇನ್ನೊಂದಿದೆ, ಬಳೆಯಾಕಾರದ ದಪ್ಪ ರಬ್ಬರ್. ಅದರ ಒಳಪದರ ಕೆಂಪು. ಹೊರಪದರ ಸವೆದು ಕೆಂಪು ಕಂಡರೆ ಆಟಿಕೆ ತೆಗೆದುಬಿಡಬೇಕು ಅಂತ ಸೂಚನೆ. ನಾನು ಮೇಲೆ ಹೇಳಿದ "ಹೋಗುವಾಗ ಎಚ್ಚರ ಕೊಡುವ" ಆಟಿಕೆ ಅಂದರೆ ಇದು, ಆ ಉಪಾಯ ನನಗೆ ಬಹಳ ಇಷ್ಟ. ಆದರೆ ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ, ತರಿಸಿದರೆ ದುಬಾರಿ. ಕಾಂಗ್ ಕೂಡ ಅಗ್ಗವಲ್ಲ, ದೊಡ್ಡ ಸೈಜಿಗೆ ಸಾವಿರ ರೂಪಾಯಿ ದಾಟುತ್ತದೆ. ಇನ್ನೂರು ರೂಪಾಯಿಯ ಐದು ಆಟಿಕೆಯ ದುಡ್ಡಲ್ಲಿ ಇಂಥ ಒಂದು ತೆಗೆದುಕೊಳ್ಳಿ ಅನ್ನುವುದು ನನ್ನ ಸಲಹೆ. ನಮ್ಮ ದೇಶದ ಕಂಪನಿಗಳೂ ರಬ್ಬರ್ ಆಟಿಕೆ ಮಾಡುತ್ತವೆ, ಉಗುರು ಪರೀಕ್ಷೆ ಪಾಸಾದರೆ, ರಬ್ಬರ್ ದಪ್ಪ ಇದ್ದರೆ, ಕೆಟ್ಟ ಕೆಮಿಕಲ್ ವಾಸನೆ ಇಲ್ಲದಿದ್ದರೆ ಅವೂ ಆಗುತ್ತವೆ.

ಟೊಳ್ಳು ಆಟಿಕೆ ಕೊಳ್ಳುವಾಗ ಎರಡೂ ಕಡೆ ತೂತು ಇದೆಯಾ ನೋಡಲೇಬೇಕು. ಒಂದೇ ತೂತಿದ್ದರೆ ಒಳಗಿನ ತಿಂಡಿ ನೆಕ್ಕುವಾಗ ಗಾಳಿ ಎಳೆದು ನಾಲಿಗೆ ಸಿಕ್ಕಿಹಾಕಿಕೊಂಡು ಊದಿಕೊಳ್ಳುತ್ತದೆ. ಇಂಥದ್ದರಲ್ಲಿ ನಾಲಿಗೆ ಕಳೆದುಕೊಂಡ ನಾಯಿಗಳಿವೆ. ಚೆಂಡಾದರೆ ಕೋರೆಹಲ್ಲು ದಾಟಿ ಬಾಯಿಯೊಳಗೆ ಪೂರ್ತಿ ಹೋಗದಷ್ಟು ದೊಡ್ಡದಿರಲಿ. ಟೆನಿಸ್ ಚೆಂಡು ಲ್ಯಾಬ್ರಡಾರ್‌ಗೆ ಚಿಕ್ಕದು, ಗಂಟಲಲ್ಲಿ ಕೂತರೆ ಉಸಿರು ಕಟ್ಟುತ್ತದೆ. ಮೇಲಿನ ಜುಂಗು ಬಟ್ಟೆ ಮಣ್ಣು ಹಿಡಿದು ಉಜ್ಜುಕಾಗದದಂತೆ ಹಲ್ಲನ್ನು ಸವೆಸುತ್ತದೆ. ಎಸೆದು ತರಿಸುವ ಆಟಕ್ಕೂ ದೊಡ್ಡ ಚೆಂಡೇ ಇರಲಿ, ಟೆನಿಸ್ ಚೆಂಡನ್ನು ಕೂತು ಅಗಿಯಲು ಬಿಡಬೇಡಿ.

ಇಷ್ಟಾದ ಮೇಲೂ, ಖಾಲಿ ರಬ್ಬರ್ ಆಟಿಕೆ ಬ್ರೂನೋ ಮುಂದೆ ಇಟ್ಟರೆ ಎರಡು ದಿನದಲ್ಲಿ ಬೇಜಾರಾಗಿ ಮತ್ತೆ ಚಪ್ಪಲಿಗೆ ಬರುತ್ತಾನೆ. ಅದರ ಒಳಗೆ ಊಟ ಇರಬೇಕು. ಊಟ ಇದ್ದರೆ ಕಚ್ಚುವುದು ಕಮ್ಮಿ, ನೆಕ್ಕುವುದು ಜಾಸ್ತಿ, ಆಟಿಕೆಯೂ ಬಾಳುತ್ತದೆ. ಇದಕ್ಕೆ ಡಬ್ಬಿಯ ಪೇಸ್ಟು ಗೀಸ್ಟು ಕೊಳ್ಳಬೇಕಾಗಿಲ್ಲ. ಗಟ್ಟಿಯಾಗಿ ಕಾಸಿದ ರಾಗಿ ಗಂಜಿ ಆರಿಸಿ, ಒಂದು ಚಮಚ ಸಪ್ಪೆ ಮೊಸರು, ಬೇಯಿಸಿದ ಸಿಹಿಗುಂಬಳ, ಮೂಳೆ ತೆಗೆದ ಬೇಯಿಸಿದ ಚಿಕನ್ ಚೂರು ಕಲಸಿ ತುಂಬಿ. ಉಪ್ಪು, ಒಗ್ಗರಣೆ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಬೇಡ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿಗೆ ವಿಷ, ನೆನಪಿರಲಿ. ಕಡಲೆಕಾಯಿ ಬೆಣ್ಣೆ ಹಾಕುವವರು ಡಬ್ಬಿ ಮೇಲೆ ಕ್ಸೈಲಿಟಾಲ್ ಅಂತ ಬರೆದಿದೆಯಾ ನೋಡಿ. ಸಕ್ಕರೆಗೆ ಬದಲು ಹಾಕುವ ಆ ಪದಾರ್ಥ ಸ್ವಲ್ಪವೇ ಹೋದರೂ ನಾಯಿಯ ಜೀವಕ್ಕೆ ಅಪಾಯ.

ಮೊದಲ ದಿನವೇ ಗಟ್ಟಿಯಾಗಿ ತುರುಕಿ ಫ್ರೀಜರ್‌ನಲ್ಲಿ ಇಟ್ಟು ಕೊಡಬೇಡಿ. ತೆಗೆಯಲು ಬರಲಿಲ್ಲ ಅಂತ ಸಿಟ್ಟಿಗೆದ್ದು ರಬ್ಬರನ್ನೇ ಕಡಿಯುತ್ತಾನೆ. ಮೊದಲು ಸಡಿಲವಾಗಿ ತುಂಬಿ, ಅಲ್ಲಾಡಿಸಿದರೆ ಉದುರುವ ಹಾಗೆ. ಉಪಾಯ ಹತ್ತಿದ ಮೇಲೆ ಮೆತ್ತಿ ತುಂಬಿ. ಎರಡು ಮೂರು ವಾರ ಕಳೆದ ಮೇಲೆ ರಾತ್ರಿ ಫ್ರೀಜರ್‌ಗೆ ಹಾಕಿ ಬೆಳಿಗ್ಗೆ ಹೊರಡುವಾಗ ಕೊಡಿ. ತೀರಾ ಕಲ್ಲಾಗಿದ್ದರೆ ಹತ್ತು ನಿಮಿಷ ಹೊರಗಿಡಿ, ಮಂಜುಗಡ್ಡೆ ಕಡಿದರೂ ಹಲ್ಲು ಸೀಳುತ್ತದೆ. ಒಳಗೆ ಹಾಕಿದಷ್ಟನ್ನು ಬಟ್ಟಲಿನಿಂದ ಕಳೆಯಿರಿ. ಲ್ಯಾಬ್ರಡಾರ್‌ಗೆ ತೂಕ ಏರುವುದು ಬಹಳ ಸುಲಭ. ಆಟಿಕೆಯನ್ನು ಪ್ರತಿದಿನ ಬ್ರಷ್ ಹಾಕಿ ತೊಳೆಯಿರಿ, ಮಳೆಗಾಲದಲ್ಲಿ ಒಳಗೆ ಬೂಷ್ಟು ಕಟ್ಟುತ್ತದೆ.

ಈಗ ನಿಮ್ಮ ಮನೆಯಲ್ಲಿರುವ, ಬೇರೆಯವರು ಹೇಳಿದ ಸಾಮಾನುಗಳು.

ತೆಂಗಿನ ಕರಟ ಬೇಡ. ಅತ್ತೆಯವರು ಪ್ರೀತಿಯಿಂದಲೇ ಕೊಡುತ್ತಾರೆ, ಹಿಂದೆ ಎಲ್ಲರ ಮನೆ ನಾಯಿಗೂ ಹಾಕುತ್ತಿದ್ದರು. ಆದರೆ ಕರಟ ಒಡೆದರೆ ಅಂಚು ಚೂಪು, ವಸಡು ಕೊಯ್ಯುತ್ತದೆ, ನುಂಗಿದ ಚೂರು ಕರಗುವುದಿಲ್ಲ. ಎಳನೀರು ಬುರುಡೆಯೂ ಅಷ್ಟೇ, ಅದರ ನಾರನ್ನು ಎಳೆದೆಳೆದು ನುಂಗಿದ ನಾಯಿಗೆ ಅದು ಹೊಟ್ಟೆಯಲ್ಲಿ ಉಂಡೆ ಕಟ್ಟುತ್ತದೆ. ಅವರಿಗೆ ಏನಾದರೂ ಕೊಡಲೇಬೇಕು ಅನ್ನಿಸಿದರೆ ಒಂದು ದಪ್ಪ ಕ್ಯಾರೆಟ್ ಕೊಡಲಿ. ಹಾಗೇ ಮೆಕ್ಕೆಜೋಳದ ದಿಂಡು ಮತ್ತು ಮಾವಿನ ಓಟೆ ಅವನ ಕೈಗೆ ಸಿಗದಂತೆ ಕಸದಬುಟ್ಟಿಗೆ ಮುಚ್ಚಳ ಹಾಕಿ. ಇವೆರಡೂ ಕರುಳಲ್ಲಿ ಸಿಕ್ಕಿಕೊಂಡು ಆಪರೇಷನ್ ಮಾಡಿ ತೆಗೆಯುವಂಥವು. ಮಾವಿನ ಕಾಲ ಬಂತೆಂದರೆ ನಮಗೆ ಈ ಕೇಸುಗಳು ಬಂದೇ ಬರುತ್ತವೆ.

ಜಿಂಕೆ ಕೊಂಬು ಎರಡು ಕಾರಣಕ್ಕೆ ಬೇಡ. ನಾಯಿ ಹಲ್ಲು ಸೀಳುವ ವಸ್ತುಗಳಲ್ಲಿ ಇದು ಮುಂಚೂಣಿಯಲ್ಲಿದೆ. ವರ್ಷಗಟ್ಟಲೆ ಬರುತ್ತೆ ಅನ್ನುವುದೇ ಇದರ ದೋಷ. ಜೊತೆಗೆ ನಮ್ಮ ಕಾಡಿನ ಜಿಂಕೆ, ಕಡವೆ ಕೊಂಬನ್ನು ಮಾರುವುದು, ಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಕಾಡಲ್ಲಿ ತಾನಾಗೇ ಉದುರಿದ್ದು ಸಿಕ್ಕಿತು ಅಂದರೂ ಮನೆಗೆ ತರುವ ಹಾಗಿಲ್ಲ.

ಮಟನ್ ಮೂಳೆ, ಚಿಕನ್ ಮೂಳೆ ಬೇಯಿಸಿದ್ದಾದರೆ ಖಂಡಿತ ಬೇಡ, ಸೀಳಿ ಸೂಜಿಯ ಹಾಗೆ ಆಗುತ್ತದೆ. ಹಸಿ ಮೂಳೆ ಅಷ್ಟು ಸೀಳುವುದಿಲ್ಲ, ಆದರೆ ಹಲ್ಲಿಗೆ ಗಟ್ಟಿಯೇ. ಅದರ ರೋಗಾಣು ನಾಯಿಗಿಂತ ಮನೆಯ ವಯಸ್ಸಾದವರಿಗೆ ಜಾಸ್ತಿ ತೊಂದರೆ ಕೊಡಬಹುದು. ಚರ್ಮ ಸುತ್ತಿ ಮಾಡಿದ ಬಿಳಿ ಮೂಳೆ ಬರುತ್ತಲ್ಲ, ಬ್ರೂನೋ ಥರ ಗಬಗಬ ನುಂಗುವ ನಾಯಿಗೆ ಅದು ನೆನೆದು, ದೊಡ್ಡ ತುಂಡು ಗಂಟಲಲ್ಲಿ ಇಲ್ಲ ಕರುಳಲ್ಲಿ ಉಬ್ಬುತ್ತದೆ. ಹಿಮಾಲಯದ ಕಡೆಯ ಒಣ ಗಿಣ್ಣು, ಛುರ್ಪಿ ಅನ್ನುತ್ತಾರೆ, ತಿನ್ನುವ ಪದಾರ್ಥವೇ ಆದ್ದರಿಂದ ಹೊಟ್ಟೆಗೆ ಅಷ್ಟು ಭಯವಿಲ್ಲ, ಆದರೆ ಉಗುರು ಪರೀಕ್ಷೆಯಲ್ಲಿ ಅದೂ ಫೇಲ್. ಕಾಫಿ ಗಿಡದ ಕೊಂಬೆಯಿಂದ ಮಾಡಿದ ಕಡ್ಡಿಗಳೂ ಮಾರಾಟಕ್ಕಿವೆ. ನಮ್ಮ ಕಡೆ ತೋಟದಿಂದಲೇ ಕಡಿದು ಕೊಡುವವರಿದ್ದಾರೆ. ಮೆಲ್ಲಗೆ ಕೆರೆಯುವ ನಾಯಿಗೆ ನಡೆದೀತು, ದವಡೆ ಹಾಕಿ ಒಡೆಯುವವನಿಗೆ ಕೊಡಲು ನಾನು ಒಪ್ಪುವುದಿಲ್ಲ.

ಹಳೇ ಸ್ಕೂಟರ್ ಟಯರ್ ತುಂಡು ಕೊಡಿ ಅಂತಲೂ ಯಾರಾದರೂ ಹೇಳುತ್ತಾರೆ. ಟಯರಿನ ಅಂಚಿನೊಳಗೆ ಉಕ್ಕಿನ ತಂತಿ ಇರುತ್ತದೆ. ಬೇಡವೇ ಬೇಡ. ಹಳೇ ಚಪ್ಪಲಿಯೂ ಬೇಡ, ಹಳೆಯದು ಯಾವುದು, ಮೊನ್ನೆ ತಂದದ್ದು ಯಾವುದು ಅಂತ ಅವನಿಗೆ ಹೇಗೆ ಗೊತ್ತಾಗಬೇಕು?

ಹಗ್ಗದ ಆಟಿಕೆ ನೀವು ಒಂದು ತುದಿ ಹಿಡಿದು ಎಳೆದಾಡಲು ಬಹಳ ಒಳ್ಳೆಯದು. ಆಟ ಮುಗಿದ ಕೂಡಲೇ ಎತ್ತಿ ಬೀರುವಿನಲ್ಲಿಡಿ. ಅದರ ಎಳೆ ನುಂಗಿದರೆ ಒಂದು ತುದಿ ಹೊಟ್ಟೆಯಲ್ಲಿ ಸಿಕ್ಕಿ, ಇನ್ನೊಂದು ತುದಿಯನ್ನು ಕರುಳು ಮುಂದಕ್ಕೆ ಎಳೆಯುತ್ತಾ ಲಂಗದ ಲಾಡಿಯಲ್ಲಿ ಬಟ್ಟೆ ನೆರಿಗೆ ಕೂತ ಹಾಗೆ ತಾನೇ ಮುದುಡಿಕೊಳ್ಳುತ್ತದೆ, ಕೊನೆಗೆ ಆ ದಾರವೇ ಕರುಳನ್ನು ಕೊಯ್ಯುತ್ತದೆ. ಮಲದ್ವಾರದಲ್ಲಿ ದಾರ ನೇತಾಡುತ್ತಿದ್ದರೆ ದಯವಿಟ್ಟು ಎಳೆಯಬೇಡಿ. ಹಾಗೇ ಕರೆದುಕೊಂಡು ಬನ್ನಿ.

ಹರಿಯುವ ಆಸೆಗೆ ಏನು ಮಾಡುವುದು? ಅದನ್ನು ತಡೆಯಬೇಡಿ, ಜಾಗ ಕೊಡಿ. ರಟ್ಟಿನ ಡಬ್ಬ ಇದಕ್ಕೆ ಅತಿ ಒಳ್ಳೆಯದು, ದುಡ್ಡೂ ಇಲ್ಲ. ಟೇಪು, ಪಿನ್ನು, ಪ್ಲಾಸ್ಟಿಕ್ ಎಲ್ಲ ಕಿತ್ತು ಒಳಗೆ ಹಳೇ ಪೇಪರ್ ಉಂಡೆ, ಮಧ್ಯೆ ನಾಲ್ಕು ಕಾಳು ಡಾಗ್ ಫುಡ್ ಹಾಕಿ ಮುಚ್ಚಿ ಕೊಡಿ. ಚಿಂದಿ ಮಾಡಲಿ. ಗುಡಿಸುವುದು ನಿಮ್ಮ ಕೆಲಸ, ಆದರೆ ಸೋಫಾ ಉಳಿಯುತ್ತದೆ. ರಟ್ಟನ್ನು ಹರಿದು ಬಿಸಾಡುವವನಾದರೆ ಸರಿ, ನುಂಗುವವನಾದರೆ ಈ ಆಟ ಬೇಡ. ಗೋಡೆ ತಿನ್ನುತ್ತಿರುವುದರಿಂದ ಬ್ರೂನೋ ವಿಷಯದಲ್ಲಿ ಮೊದಲ ನಾಲ್ಕೈದು ಸಲ ಪಕ್ಕದಲ್ಲೇ ಕೂತು ನೋಡಿ.

ಅವನ ದಿನವನ್ನೂ ಸ್ವಲ್ಪ ಬದಲಿಸಿ. ಬೆಳಿಗ್ಗೆ ಹೊರಡುವ ಮುಂಚೆ ಅರ್ಧ ಮುಕ್ಕಾಲು ಗಂಟೆ ನಡೆಸಿ, ಅದರಲ್ಲಿ ಅರ್ಧ ಹೊತ್ತು ಅವನು ಮೂಸಿದ ಕಡೆ ನೀವು ನಿಲ್ಲಿ. ಹಗ್ಗ ಜಗ್ಗಿ ಓಡಿಸುವುದಕ್ಕಿಂತ ಮೂಗಿಗೆ ಕೆಲಸ ಕೊಟ್ಟರೆ ನಾಯಿ ಬೇಗ ತಣ್ಣಗಾಗುತ್ತದೆ. ಬೆಳಗಿನ ಊಟವನ್ನು ಬಟ್ಟಲಿಗೆ ಹಾಕದೆ ಹಿತ್ತಲ ಹುಲ್ಲಿನಲ್ಲಿ ಚೆಲ್ಲಿ, ಹುಡುಕಿ ತಿನ್ನಲಿ. ಎಲ್ಲ ಆಟಿಕೆಯೂ ಸದಾ ನೆಲದಲ್ಲಿ ಬಿದ್ದಿರಬಾರದು, ಎರಡು ಹೊರಗೆ, ಉಳಿದವು ಒಳಗೆ, ನಾಲ್ಕು ದಿನಕ್ಕೊಮ್ಮೆ ಬದಲಿಸಿ. ನೀವಿಲ್ಲದ ಹೊತ್ತಿಗೆ ಅವನಿಗೆ ಒಂದು ಕೋಣೆ ಅಥವಾ ಗೇಟ್ ಹಾಕಿದ ಜಾಗ ಮಾಡಿ, ಅಲ್ಲಿ ವೈರ್, ಚಪ್ಪಲಿ, ಔಷಧಿ ಶೀಟು ಯಾವುದೂ ಇರಬಾರದು. ಪ್ಲಗ್‌ನಲ್ಲಿದ್ದ ಚಾರ್ಜರ್ ವೈರ್ ಕಡಿದಿದ್ದರೆ ನೀವು ಬರೆಯುವ ಪತ್ರ ಬೇರೆಯೇ ಆಗಿರುತ್ತಿತ್ತು. ಆ ಜಾಗದಲ್ಲಿ ಒಬ್ಬನೇ ಇರುವಾಗ ತುಂಬಿದ ದಪ್ಪ ರಬ್ಬರ್ ಆಟಿಕೆ ಒಂದೇ ಇರಲಿ, ಅದೂ ನಿಮ್ಮೆದುರಿಗೆ ಎರಡು ಮೂರು ವಾರ ತಾಳಿದ್ದು ನೋಡಿದ ಮೇಲೆ. ಅತ್ತೆಗೆ ಹೆಚ್ಚು ಕೆಲಸ ಹೇಳಬೇಡಿ. ಮಧ್ಯಾಹ್ನ ಒಂದು ರಟ್ಟಿನ ಡಬ್ಬವನ್ನೋ ಎರಡನೇ ಆಟಿಕೆಯನ್ನೋ ಗೇಟಿನ ಮೇಲಿಂದ ಹಾಕಿದರೆ ಸಾಕು, ಅವನನ್ನು ಹಿಡಿಯುವ ಪ್ರಮೇಯವೇ ಬರುವುದಿಲ್ಲ. ಡಬ್ಬ ಕೊಡುವುದಾದರೆ ಅವರು ಕಣ್ಣಿಟ್ಟಿರಲಿ.

ಬಾಯಲ್ಲಿ ಬೇಡದ್ದು ಇದ್ದಾಗ ಓಡಿಸಿಕೊಂಡು ಹೋಗಬೇಡಿ, ಕಿತ್ತುಕೊಳ್ಳಬೇಡಿ. ಕಸಿದುಕೊಳ್ಳುತ್ತಾರೆ ಅಂತ ಗೊತ್ತಾದ ನಾಯಿ ಗಬಕ್ಕನೆ ನುಂಗಿಬಿಡುತ್ತದೆ. ಕಾಲುಚೀಲ ನುಂಗಿದ ಕೇಸುಗಳಲ್ಲಿ ಈ ಕತೆಯನ್ನು ನಾನು ಬಹಳ ಸಲ ಕೇಳಿದ್ದೇನೆ. ಒಂದು ತುಂಡು ಚಿಕನ್ ಮೂಗಿನ ಹತ್ತಿರ ಹಿಡಿದು "ಬಿಡು" ಅನ್ನಿ. ಬಿಟ್ಟ ಕೂಡಲೇ ತಿಂಡಿ ಕೊಡಿ, ಆಗೀಗ ಅದೇ ಆಟಿಕೆಯನ್ನೂ ವಾಪಸ್ ಕೊಡಿ. ಬಿಟ್ಟರೆ ಲಾಭ ಅಂತ ಅವನಿಗೆ ನಂಬಿಕೆ ಬರಬೇಕು.

ರಬ್ಬರ್ ಆಟಿಕೆಯನ್ನು ವಾರಕ್ಕೊಮ್ಮೆ ಕೈಯಲ್ಲಿ ಹಿಡಿದು ಹಿಂಡಿ ನೋಡಿ. ಸೀಳು ಬಾಯಿ ಬಿಟ್ಟರೆ, ಒಂದು ತುಂಡು ಕಾಣೆಯಾಗಿದ್ದರೆ, ಇನ್ನೂ ಹೊಸದರಂತಿದೆ ಅನ್ನಿಸಿದರೂ ಬಿಸಾಡಿ. ಅಕ್ಕಿಕಾಳಿನಷ್ಟು ಚೂರು ಮಲದಲ್ಲಿ ಹೋಗುತ್ತದೆ. ಅದಕ್ಕಿಂತ ದೊಡ್ಡದು ಹೋಗಿದ್ದರೆ ಮೂರು ನಾಲ್ಕು ದಿನ ಗಮನವಿಡಿ. ಮತ್ತೆ ಮತ್ತೆ ವಾಂತಿ, ನೀರೂ ನಿಲ್ಲದಿರುವುದು, ಊಟ ಬಿಡುವುದು, ಮಲ ಹೋಗದಿರುವುದು, ಹೊಟ್ಟೆ ಬಿಗಿ, ಮುಂಗಾಲು ಚಾಚಿ ಹಿಂಭಾಗ ಎತ್ತಿ ನಿಲ್ಲುವುದು, ಇದರಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ವಾಂತಿ ಮಾಡಿಸಲು ಉಪ್ಪುನೀರು ಕುಡಿಸಬೇಡಿ, ಆ ಉಪ್ಪೇ ವಿಷವಾಗುತ್ತದೆ. ಹರಳೆಣ್ಣೆಯೂ ಬೇಡ, ಕರುಳು ಕಟ್ಟಿರುವಾಗ ಭೇದಿ ಮದ್ದು ಕೊಟ್ಟರೆ ಹರಿಯುವ ಭಯವಿದೆ. ಊಟ ನೀರು ಏನೂ ಕೊಡದೆ ಹೊರಡಿ. ಬಟ್ಟೆ, ಪ್ಲಾಸ್ಟಿಕ್‌ನಂಥವು ಎಕ್ಸ್‌ರೇಯಲ್ಲಿ ಎಷ್ಟೋ ಸಲ ನೇರವಾಗಿ ಕಾಣುವುದಿಲ್ಲ. ಹಾಗಾಗಿ ಉಳಿದ ಆಟಿಕೆ ತುಂಡನ್ನೂ, ಸಿಕ್ಕರೆ ಅದರ ಕವರನ್ನೂ ಜೊತೆಗೆ ತನ್ನಿ. ಒಳಗೆ ಹೋಗಿರುವುದು ಎಷ್ಟು ದೊಡ್ಡದು, ಎಂಥದ್ದು ಅಂತ ಡಾಕ್ಟರಿಗೆ ಅದನ್ನು ನೋಡಿದರೆ ಬೇಗ ತಿಳಿಯುತ್ತದೆ.